ಒಂದು ಏಲಿಯಾಸ್ ಎಲ್ಲೆಲ್ಲಿ ಬಳಕೆಯಲ್ಲಿದೆ ಅಂತ ಡಬ್ಲ್ಯೂಎಸ್‌ಅಡ್ಮಿನ್‌ನಲ್ಲಿ ಹುಡುಕುವುದು ಹೇಗೆ?

ಬಿಜೈ_ಅಡ್ಮಿನ್
ನಮ್ಮ ಆಫೀಸು ಮಂಗಳೂರಿನ ಬಿಜೈಯಲ್ಲಿ. ವೆಬ್‌ಸ್ಫಿಯರ್ (ಐಬಿಎಂನ ಆ್ಯಪ್ ಸರ್ವರ್) ಸೆಲ್, ಅಂದರೆ ಒಟ್ಟಿಗೆ ನಿರ್ವಹಿಸುವ ಸರ್ವರುಗಳ ಗುಂಪು, ನೋಡಿಕೊಳ್ಳುವುದು ನನ್ನ ಕೆಲಸ. ಡೇಟಾಬೇಸ್ ಯೂಸರ್ ಬದಲಾಗಲಿಕ್ಕುಂಟು. ಹಳೆ ಏಲಿಯಾಸನ್ನು (ಯೂಸರ್-ಪಾಸ್‌ವರ್ಡ್ ಜೋಡಿಗೆ ಇಟ್ಟ ಹೆಸರು) ಯಾವ ಡೇಟಾಸೋರ್ಸುಗಳು (ಡೇಟಾಬೇಸ್ ಸಂಪರ್ಕದ ಸೆಟ್ಟಿಂಗುಗಳು) ಬಳಸುತ್ತಿವೆ ಅಂತ ಮೊದಲು ಗೊತ್ತಾಗಬೇಕು. ಕನ್ಸೋಲಿನಲ್ಲಿ ಒಂದೊಂದೇ ತೆರೆದು ನೋಡುತ್ತಾ ಕೂತರೆ ಸಂಜೆಯಾಗುತ್ತದೆ.

ವೆಬ್‌ಸ್ಫಿಯರಿನ ಕಮಾಂಡ್ ಟೂಲ್ ಡಬ್ಲ್ಯೂಎಸ್‌ಅಡ್ಮಿನ್‌ನಲ್ಲಿ ಜೈಥಾನ್ ಭಾಷೆಯ ಶೋಆಟ್ರಿಬ್ಯೂಟ್ ಕಮಾಂಡ್ ಹಾಕಿ 'ಪ್ರೊವೈಡರ್' ಕೇಳಿದರೆ ಅದರ ಐಡಿ ಬರುತ್ತದೆ, ಅದನ್ನು ಹಿಡಿದು ಮುಂದೆ ಹೋಗಬಹುದು. 'ಆಥ್‌ಡೇಟಾಏಲಿಯಾಸ್' ಕೇಳಿದರೆ ಬರೀ ಹೆಸರು. ಅಲ್ಲಿಂದ ಮುಂದೆ ಎಂಥ ಮಾಡುವುದು ಮಾರಾಯ್ರೆ? ಸರ್ವರ್ ಐಡಿ ಕೊಟ್ಟು ಲಿಸ್ಟ್ ಮಾಡಿದರೆ ಡೇಟಾಸೋರ್ಸುಗಳೂ ಪೂರ್ತಿ ಬರುವುದಿಲ್ಲ.

ಕುಂದಾಪುರ_ಕೋಡರ್
ಡಿಎಂಜಿಆರ್ (ಸೆಲ್ ನಿರ್ವಹಿಸುವ ಡೆಪ್ಲಾಯ್‌ಮೆಂಟ್ ಮ್ಯಾನೇಜರ್) ಪ್ರೊಫೈಲಿಗೆ ಹೋಗಿ ರಿಸೋರ್ಸಸ್ ಎಕ್ಸ್‌ಎಂಎಲ್ ಫೈಲುಗಳ ಮೇಲೆ ಒಂದು ಗ್ರೆಪ್ (ಪದ ಹುಡುಕುವ ಕಮಾಂಡ್) ಹೊಡೆಯಿರಿ. ಸ್ಕ್ರಿಪ್ಟ್ ಎಲ್ಲ ಸುಮ್ನೆ ತಲೆಬಿಸಿ.

ಮಣಿಪಾಲ_ಜೈಥಾನ್
ಗ್ರೆಪ್ ತಪ್ಪಲ್ಲ, ಫೈಲಿನ ದಾರಿ ನೋಡಿದರೆ ಸ್ಕೋಪ್ (ಸೆಲ್, ನೋಡ್, ಸರ್ವರ್ ಇವುಗಳಲ್ಲಿ ಯಾವ ಮಟ್ಟದ್ದು ಅಂತ) ಸಹ ಗೊತ್ತಾಗುತ್ತದೆ. ಆದರೆ ಏಲಿಯಾಸ್ ಒಳಗಿನ ಮ್ಯಾಪಿಂಗ್ ಸಾಲಿನಲ್ಲಿದ್ದರೆ ಅದು ಯಾವ ಡೇಟಾಸೋರ್ಸಿನದ್ದು ಅಂತ ಮೇಲೆ ಹೋಗಿ ಹುಡುಕಬೇಕು. ನಾನಾದರೆ ಸ್ಕ್ರಿಪ್ಟೇ ಬರೆಯುತ್ತೇನೆ.

ಬಿಜೈಯವರೇ, ಅಡ್ಮಿನ್‌ಕಾನ್ಫಿಗ್‌ನ ಆಟ್ರಿಬ್ಯೂಟ್ಸ್ ಕಮಾಂಡಿಗೆ 'ಡೇಟಾಸೋರ್ಸ್' ಅಂತ ಕೊಟ್ಟು ನೋಡಿ. ಪ್ರೊವೈಡರ್ ಸಾಲಿನ ಕೊನೆಗೆ @ ಇರುತ್ತದೆ. ಅಂದರೆ ಅದು ಬೇರೆ ಆಬ್ಜೆಕ್ಟಿಗೆ ಕೊಂಡಿ. ಏಲಿಯಾಸ್ ಸಾಲಿನಲ್ಲಿ ಬರೀ 'ಸ್ಟ್ರಿಂಗ್'. ಕೊಂಡಿಯೇ ಇಲ್ಲದ ಮೇಲೆ ಹಿಂಬಾಲಿಸುವುದು ಏನನ್ನು? ಎಲ್ಲವನ್ನೂ ಲಿಸ್ಟ್ ಮಾಡಿ, ಹೆಸರು ಹೋಲಿಸಿ ನೋಡುವುದೊಂದೇ ದಾರಿ.

ಲಿಸ್ಟಿಗೆ ಸ್ಕೋಪ್ ಕೊಡಬೇಡಿ. ಸರ್ವರ್ ಐಡಿ ಕೊಟ್ಟರೆ ಆ ಸರ್ವರಿನ ಅಡಿಯಲ್ಲಿರುವುದು ಮಾತ್ರ ಬರುತ್ತದೆ, ನೋಡ್ ಅಥವಾ ಸೆಲ್ ಮಟ್ಟದ್ದು ಬರುವುದಿಲ್ಲ. ಬಂದ ಉತ್ತರ ಒಂದೇ ಉದ್ದ ಸ್ಟ್ರಿಂಗ್. ಸ್ಪ್ಲಿಟ್‌ಲೈನ್ಸ್ ಹಾಕಿ, ಬರೀ ಸ್ಪ್ಲಿಟ್ ಬೇಡ. ಹೆಸರಿನಲ್ಲಿ ಸ್ಪೇಸ್ ಇದ್ದರೆ ಐಡಿ ಅಲ್ಲೇ ತುಂಡಾಗುತ್ತದೆ.

ಲೂಪಿನಲ್ಲಿ ಡೇಟಾಸೋರ್ಸಿನ ಆಥ್‌ಡೇಟಾಏಲಿಯಾಸ್ ನೋಡಿದರೆ ಸಾಲದು. ಅದು ಕಾಂಪೊನೆಂಟ್ ಮ್ಯಾನೇಜ್ಡ್ (ಲಾಗಿನ್ ಆ್ಯಪೇ ನೋಡಿಕೊಳ್ಳುವಾಗಿನ) ಏಲಿಯಾಸ್. ಕಂಟೇನರ್ ಮ್ಯಾನೇಜ್ಡ್ (ಲಾಗಿನ್ ಸರ್ವರ್ ನೋಡಿಕೊಳ್ಳುವ) ಆದದ್ದು 'ಮ್ಯಾಪಿಂಗ್' ಎಂಬ ಒಳ ಆಬ್ಜೆಕ್ಟಿನಲ್ಲಿ ಇರುತ್ತದೆ, ಅದೇ ಆಥ್‌ಡೇಟಾಏಲಿಯಾಸ್ ಹೆಸರಿನಲ್ಲಿ. ಮ್ಯಾಪಿಂಗ್ ಖಾಲಿಯೂ ಇರಬಹುದು, ಒಂದು ಇಫ್ ಇರಲಿ, ಇಲ್ಲದಿದ್ದರೆ ಸ್ಕ್ರಿಪ್ಟ್ ಅರ್ಧದಲ್ಲೇ ಬೀಳುತ್ತದೆ. ಏಲಿಯಾಸಿನ ಮುಂದೆ ನೋಡ್ ಹೆಸರು ಮತ್ತು ಸ್ಲ್ಯಾಶ್ ಸೇರಿಕೊಂಡಿರುವುದೂ ಉಂಟು, ಹೋಲಿಸುವಾಗ ಅದು ಸಮೇತ ಹೋಲಿಸಿ.

ಸ್ಕೋಪಿಗೆ ಬೇರೆ ಕಮಾಂಡ್ ಬೇಡ. ಐಡಿಯ ಬ್ರಾಕೆಟ್ಟಿನಲ್ಲಿ 'ಸೆಲ್ಸ್', 'ನೋಡ್ಸ್', 'ಸರ್ವರ್ಸ್' ಅಂತ ದಾರಿಯೇ ಬರೆದಿರುತ್ತದೆ.

ಬಿಜೈ_ಅಡ್ಮಿನ್
ಸಿಕ್ಕಿತು! ಹೆಚ್ಚಿನವೆಲ್ಲ ಮ್ಯಾಪಿಂಗ್‌ನಲ್ಲೇ ಇದ್ದವು. ಇನ್ನು ಆ ಡೇಟಾಸೋರ್ಸುಗಳನ್ನು ಯಾವ ಆ್ಯಪ್ ಬಳಸುತ್ತದೆ ಅಂತ ಇದೇ ಲೂಪಿನಲ್ಲಿ ಗೊತ್ತಾಗುತ್ತದಾ?

ಮಣಿಪಾಲ_ಜೈಥಾನ್
ಇಲ್ಲ. ಆ್ಯಪಿಗೆ ಗೊತ್ತಿರುವುದು ಜೆಎನ್‌ಡಿಐ ಹೆಸರು (ಸರ್ವರಿನಲ್ಲಿ ಡೇಟಾಸೋರ್ಸನ್ನು ಹುಡುಕಲು ಬಳಸುವ ಹೆಸರು) ಮಾತ್ರ. ಅಡ್ಮಿನ್‌ಆ್ಯಪ್‌ನ ವ್ಯೂ ಕಮಾಂಡಿಗೆ 'ಮ್ಯಾಪ್‌ರೆಸ್‌ರೆಫ್‌ಟುಇಜೆಬಿ' ಕೊಟ್ಟು ಅದನ್ನು ಡೇಟಾಸೋರ್ಸಿನ ಜೆಎನ್‌ಡಿಐನೇಮ್ ಜೊತೆ ಹೋಲಿಸಿ. ಮತ್ತೆ, ಜೆಎಂಎಸ್ (ಜಾವಾದ ಸಂದೇಶ ವ್ಯವಸ್ಥೆ) ಬಳಸುತ್ತಿದ್ದರೆ ಆಕ್ಟಿವೇಶನ್ ಸ್ಪೆಕ್ (ಸಂದೇಶ ಸ್ವೀಕರಿಸುವ ಸೆಟ್ಟಿಂಗ್) ಸಹ ನೋಡಿ. ಅಲ್ಲಿ ಆಟ್ರಿಬ್ಯೂಟಿನ ಹೆಸರು ಬೇರೆ, 'ಅಥೆಂಟಿಕೇಶನ್‌ಏಲಿಯಾಸ್'.