ಹೆಡ್‌ಫೋನ್ ತೆಗೆದರೂ ಸ್ಪೀಕರಿನಲ್ಲಿ ಧ್ವನಿ ಬರುತ್ತಿಲ್ಲ

ಪ್ರಶ್ನೆ, ಕಲಬುರಗಿಯಿಂದ:
ನಮ್ಮ ದಾಲ್ ಮಿಲ್ಲಿನ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇದೆ. ಹೆಡ್‌ಫೋನಿನ ಪಿನ್ ಹೊರತೆಗೆದ ಮೇಲೂ ಪರದೆಯ ಮೇಲೆ ಹೆಡ್‌ಫೋನಿನ ಚಿಹ್ನೆಯೇ ಉಳಿಯುತ್ತದೆ, ಸ್ಪೀಕರ್ ಮಾತಾಡುವುದಿಲ್ಲ. ಮರಳಿ ಚಾಲೂ ಮಾಡಿದರೂ ಅಷ್ಟೆ. ಹಳೆಯ ರೇಡಿಯೊಗಳಲ್ಲಿ ಪಿನ್ ತೂರಿಸಿದೊಡನೆ ಜ್ಯಾಕಿನೊಳಗಿನ ಪಟ್ಟಿಯೇ ಸ್ಪೀಕರಿನ ಸಂಪರ್ಕ ಕಡಿಯುತ್ತಿತ್ತು. ಇಲ್ಲಿಯೂ ಅದೇ ಏರ್ಪಾಡೋ, ಸಾಫ್ಟ್‌ವೇರಿನ ಕೆಲಸವೋ?

ಉತ್ತರ, ಬೀದರ್‌ನಿಂದ:
ಎರಡರದೂ ಪಾಲಿದೆ. 3.5 ಮಿಲಿಮೀಟರ್ ಜ್ಯಾಕಿನೊಳಗೆ ಈಗಲೂ ಒಂದು ಲೋಹದ ಪಟ್ಟಿ ಇರುತ್ತದೆ, ಆದರೆ ಅದು ಧ್ವನಿಯನ್ನು ಸಾಗಿಸುವುದಿಲ್ಲ. ಪಿನ್ ಒಳಗಿದೆಯೋ ಇಲ್ಲವೋ ಎಂಬ ಸುದ್ದಿಯನ್ನಷ್ಟೇ ಧ್ವನಿಯ ಕೆಲಸ ನೋಡುವ ಆಡಿಯೊ ಕೊಡೆಕ್ ಚಿಪ್ಪಿಗೆ ಮುಟ್ಟಿಸುತ್ತದೆ. ಇಂಟೆಲ್ 2004ರಲ್ಲಿ ಹೊರತಂದ ಹೈ ಡೆಫಿನಿಶನ್ ಆಡಿಯೊ ಮಾನದಂಡದ ಪ್ರಕಾರ ಚಿಪ್ ಆ ಬದಲಾವಣೆಯನ್ನು ತನ್ನನ್ನು ನಡೆಸುವ ಸಾಫ್ಟ್‌ವೇರಾದ ಡ್ರೈವರಿಗೆ ತಾನಾಗಿಯೇ ತಿಳಿಸಬಲ್ಲದು, ಡ್ರೈವರ್ ಸ್ಪೀಕರನ್ನು ಮ್ಯೂಟ್ ಮಾಡುತ್ತದೆ, ಮೇಲಿನ ಹಂತದ ಧ್ವನಿ ಸಾಫ್ಟ್‌ವೇರಾದ ಪಲ್ಸ್‌ಆಡಿಯೊ ಅಥವಾ ಪೈಪ್‌ವೈರ್ ತನ್ನ ಪೋರ್ಟನ್ನು, ಅಂದರೆ ಧ್ವನಿ ಹೊರಡುವ ದಾರಿಯನ್ನು, ಹೆಡ್‌ಫೋನಿಗೆ ಹೊರಳಿಸುತ್ತದೆ.

ಚಿಹ್ನೆ ಹೋಗಿಲ್ಲವೆಂದರೆ ಚಿಪ್ಪಿಗೆ ಪಿನ್ ಇನ್ನೂ ಒಳಗಿದೆಯೆಂಬ ಸುದ್ದಿಯೇ ಬರುತ್ತಿರಬೇಕು. ಪರೀಕ್ಷಿಸಲು ಟರ್ಮಿನಲ್ಲಿನಲ್ಲಿ (ಆದೇಶಗಳನ್ನು ಬರೆಯುವ ಕಿಟಕಿ) ಆಲ್ಸಾಮಿಕ್ಸರ್ (alsamixer) ಎಂಬ ಧ್ವನಿ ಹೊಂದಿಸುವ ಪ್ರೋಗ್ರಾಮನ್ನು ತೆರೆಯಿರಿ, ಎಫ್6 ಒತ್ತಿ ಸೌಂಡ್ ಕಾರ್ಡ್ ಆರಿಸಿ, ‘ಆಟೊ-ಮ್ಯೂಟ್ ಮೋಡ್’ ಇದ್ದರೆ ಅದನ್ನು ‘ಡಿಸೇಬಲ್ಡ್’ ಮಾಡಿ. ಸ್ಪೀಕರಿನ ಕಂಬದ ಕೆಳಗೆ ‘ಎಂಎಂ’ ಎಂದಿದ್ದರೆ ಎಂ ಕೀಲಿ ಒತ್ತಿ, ಧ್ವನಿಯನ್ನು ಏರಿಸಿ. ಆಗ ಸ್ಪೀಕರ್ ನುಡಿದರೆ ದೋಷ ಜ್ಯಾಕಿನ ಕಡೆಗಿದೆ.

ಉತ್ತರ, ಯಾದಗಿರಿಯಿಂದ:
ದಾಲ್ ಮಿಲ್ಲು ಎಂದ ಮೇಲೆ ದೂಳಿನ ಮೇಲೆಯೇ ನನ್ನ ಮೊದಲ ಅನುಮಾನ. ಯಂತ್ರವನ್ನು ಪೂರ್ತಿ ಬಂದ್ ಮಾಡಿ, ಕೈಯಿಂದ ಒತ್ತುವ ರಬ್ಬರ್ ಬ್ಲೋವರಿನಿಂದ ಗಾಳಿ ಊದಿ, ಪಿನ್ನನ್ನು ಹಲವು ಸಲ ಹಾಕಿ ತೆಗೆಯಿರಿ. ಪಂಕ್ಚರ್ ಅಂಗಡಿಯ ಗಾಳಿ ಬೇಡವೇ ಬೇಡ, ಅದರಲ್ಲಿ ನೀರಿನ ಹನಿ, ಎಣ್ಣೆ ಬೆರೆತಿರುವುದುಂಟು. ಸೇಫ್ಟಿಪಿನ್ ಹಾಕಿ ಕೆದಕಿದರೆ ಪಟ್ಟಿ ಬಾಗಿ, ಜ್ಯಾಕನ್ನೇ ಬದಲಿಸುವ ಖರ್ಚು ಬೀಳುತ್ತದೆ.

ಪ್ರಶ್ನೆ ಕೇಳಿದವರಿಂದ:
ಆಟೊ-ಮ್ಯೂಟ್ ತೆಗೆದು ಎಂ ಒತ್ತಿದೊಡನೆ ಸ್ಪೀಕರ್ ನುಡಿಯಿತು. ಆದರೆ ಹೆಡ್‌ಫೋನ್ ಹಾಕಿದಾಗ ಈಗ ಎರಡರಲ್ಲೂ ಧ್ವನಿ ಬರುತ್ತಿದೆ.

ಉತ್ತರ, ಬೀದರ್‌ನಿಂದ:
ಅದು ಸಹಜ, ಮ್ಯೂಟ್ ಮಾಡುವವರನ್ನು ನೀವೇ ಕೆಲಸದಿಂದ ಬಿಡಿಸಿದ್ದೀರಿ. ಶುಚಿ ಮಾಡಿದ ಮೇಲೆ ಆ ಆಯ್ಕೆಯನ್ನು ಮೊದಲಿನಂತೆ ‘ಎನೇಬಲ್ಡ್’ ಮಾಡಿ ನೋಡಿ. ಆಗಲೂ ಸರಿಹೋಗದಿದ್ದರೆ ಯುಎಸ್‌ಬಿ ಹೆಡ್‌ಫೋನ್ ಬಳಸಿರಿ. ಅದು ತಾನೇ ಒಂದು ಬೇರೆ ಸೌಂಡ್ ಕಾರ್ಡ್ ಆದ್ದರಿಂದ ಈ ಜ್ಯಾಕಿನ ಹಂಗು ಅದಕ್ಕಿಲ್ಲ. ಧ್ವನಿಯ ಸೆಟ್ಟಿಂಗ್‌ನಲ್ಲಿ ಯಾವುದು ಬೇಕೋ ಅದನ್ನು ಆರಿಸಿಕೊಂಡರಾಯಿತು.