‘ದಟ್’ ಹಾಕಬೇಕಾ, ‘ವಿಚ್’ ಹಾಕಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಬರುವ ಅತಿಥಿಗಳಿಗೆ ಕೊಡಲು ಇಂಗ್ಲಿಷಿನಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಒಂದು ಹೆಸರಿನ ಬಗ್ಗೆ ಹೇಳುವ ಮಾತನ್ನು ಅದಕ್ಕೆ ಜೋಡಿಸುವಾಗ ಮನುಷ್ಯರಿಗೆ ‘ಹೂ’ (who), ವಸ್ತುಗಳಿಗೆ ‘ವಿಚ್’ (which), ಎರಡಕ್ಕೂ ‘ದಟ್’ (that) ನಡೆಯುತ್ತದೆ. ಇಷ್ಟು ಗೊತ್ತು.

‘ದಿ ಕಾವೇರಿ, ವಿಚ್ ರೈಸಸ್ ಅಟ್ ತಲಕಾವೇರಿ, ಫ್ಲೋಸ್ ಪಾಸ್ಟ್ ಕುಶಾಲನಗರ’ ಅನ್ನುವ ವಾಕ್ಯದಲ್ಲಿ ಗೊಂದಲವಿಲ್ಲ. ಕಾವೇರಿ ಇರುವುದು ಒಂದೇ. ಯಾವ ಕಾವೇರಿ ಅಂತ ಗುರುತು ಹೇಳಬೇಕಿಲ್ಲ. ‘ವಿಚ್ ರೈಸಸ್ ಅಟ್ ತಲಕಾವೇರಿ’ ಅನ್ನುವುದು ಸುಮ್ನೆ ಹೆಚ್ಚಿನ ಮಾಹಿತಿ, ಅದಕ್ಕೇ ಎರಡೂ ಕಡೆ ಅಲ್ಪವಿರಾಮ. ಅಲ್ಲಿ ‘ದಟ್’ ಬರುವುದಿಲ್ಲ ಅಂತ ಪರಿಚಯದ ಮೇಷ್ಟ್ರು ಚೆನ್ನಾಗಿ ಬಿಡಿಸಿ ಹೇಳಿದರು.

ಸಿಕ್ಕಿಕೊಂಡಿರುವುದು ಮುಂದಿನ ವಾಕ್ಯದಲ್ಲಿ: ‘ದಿ ಕಾಫಿ ವಿಚ್ ವಿ ಸರ್ವ್ ಈಸ್ ಫ್ರಮ್ ಅವರ್ ಓನ್ ತೋಟ’. ಇಲ್ಲಿ ಅಲ್ಪವಿರಾಮ ಇಲ್ಲ. ಮೇಷ್ಟ್ರು ‘ವಿಚ್’ ಸರಿ ಅಂತಾರೆ. ಕಂಪ್ಯೂಟರ್ ಮಾತ್ರ ಅದರ ಕೆಳಗೆ ಗೆರೆ ಎಳೆದು ‘ದಟ್’ ಹಾಕು ಅನ್ನುತ್ತದೆ. ಮನೆಯಲ್ಲಿದ್ದ ಹಳೆಯ ವ್ಯಾಕರಣ ಪುಸ್ತಕ ನೋಡಿದರೆ ಎರಡೂ ಇದೆ. ಅಚ್ಚಿಗೆ ಕೊಡುವ ಪುಟ, ಸರಿಯಾಗಿಯೇ ಇರಬೇಕು ಅಲ್ವಾ?

ಗೊತ್ತಿದ್ದವರು ದಯವಿಟ್ಟು ಹೇಳಿ. ಈ ಕಾಫಿ ವಾಕ್ಯದಲ್ಲಿ ‘ವಿಚ್’ ನಿಜಕ್ಕೂ ತಪ್ಪಾ, ಅಥವಾ ಇದು ಬ್ರಿಟಿಷ್ ಮತ್ತು ಅಮೆರಿಕನ್ ಬರವಣಿಗೆಯ ವ್ಯತ್ಯಾಸವಾ? ಎರಡನ್ನೂ ಬಿಟ್ಟು ‘ದಿ ಕಾಫಿ ವಿ ಸರ್ವ್’ ಅಂತ ಬರೆದರೆ ನಡೆಯುತ್ತದಾ?