ತೆರಿಗೆ ಏರಿದಾಗ ನಿಜವಾಗಿ ಕಟ್ಟುವವರು ಯಾರು? ನಾನಾ, ಗಿರಾಕಿಯಾ?

ಅಚ್ಚುಮೊಳೆ:
ನಾನು ಚಿಕ್ಕದೊಂದು ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ನನ್ನನ್ನೂ ಸೇರಿಸಿ ಐದು ಜನ. ಹೋದ ವರ್ಷ ನಮ್ಮ ಕೆಲಸದ ಮೇಲಿನ ತೆರಿಗೆ ಏರಿತು. ಬಿಲ್ ಮೇಲೆ ಹಾಕಿದರಾಯಿತು, ಗಿರಾಕಿ ಕೊಡುತ್ತಾರೆ, ನಾನು ಸರ್ಕಾರಕ್ಕೆ ದಾಟಿಸುತ್ತೇನೆ, ಇದರಲ್ಲಿ ನನ್ನದೇನು ಹೋಯಿತು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಔಷಧಿ ಡಬ್ಬಿಗೆ ಲೇಬಲ್ ಮಾಡಿಸುವವರು ಮಾತಿಲ್ಲದೆ ಕೊಟ್ಟರು. ಕರಪತ್ರ ಮಾಡಿಸುತ್ತಿದ್ದವರು ಮಾತ್ರ ಒಬ್ಬೊಬ್ಬರೇ ಕಳಚಿಕೊಂಡರು, ಮೊಬೈಲ್‌ನಲ್ಲೇ ಕಳಿಸುತ್ತೇವೆ ಅಂದರು. ಉಳಿದವರನ್ನು ಹಿಡಿದಿಟ್ಟುಕೊಳ್ಳಲು ಏರಿದ ತೆರಿಗೆಯಲ್ಲಿ ಅರ್ಧ ನಾನೇ ಹೊತ್ತೆ. ಆ ವರ್ಷ ಹುಡುಗರ ಸಂಬಳ ಏರಿಸಲು ಆಗಲಿಲ್ಲ, ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಈಗ ಹೇಳಿ, ಈ ತೆರಿಗೆ ಕಟ್ಟಿದ್ದು ಯಾರು? ಬಿಲ್‌ನಲ್ಲಿ ಗಿರಾಕಿ ಕೊಡುವ ತೆರಿಗೆ ಅಂತ ಇದೆ. ಮತ್ತೆ ನಾಳೆ ಇದನ್ನೇ ಇಳಿಸಿದರೆ ನಾನು ರೇಟು ಇಳಿಸಬೇಕಾ?

ಕಪ್ಪುಹಲಗೆ:
ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ಸರ್. ಕಾನೂನು ಯಾರ ಹೆಸರಿಗೆ ತೆರಿಗೆ ಬರೆದರೂ ಅದು ಬಂದು ಕೂರುವುದು ತಪ್ಪಿಸಿಕೊಳ್ಳಲು ದಾರಿ ಇಲ್ಲದವರ ತಲೆ ಮೇಲೆ. ಲೇಬಲ್ ಇಲ್ಲದೆ ಔಷಧಿ ಮಾರುವಂತಿಲ್ಲ, ಅದಕ್ಕೇ ಅವರು ಪೂರ್ತಿ ಕೊಟ್ಟರು. ಕರಪತ್ರದವರಿಗೆ ಮೊಬೈಲ್ ಇತ್ತು, ಹೋದರು. ನಿಮಗೆ ಮಷೀನ್ ಬಿಟ್ಟು ಹೋಗಲು ಜಾಗ ಇಲ್ಲ, ನಿಮ್ಮ ಹುಡುಗರಿಗೆ ತಕ್ಷಣ ಬೇರೆ ಕೆಲಸ ಇಲ್ಲ. ಹಾಗಾಗಿ ಉಳಿದದ್ದು ನಿಮ್ಮಿಬ್ಬರ ನಡುವೆ ಹಂಚಿಹೋಯಿತು.

ಇದು ದೊಡ್ಡ ಮಟ್ಟದಲ್ಲೂ ಹೀಗೇ ನಡೆದಿದೆ. ಅಮೆರಿಕದಲ್ಲಿ 1991ರಿಂದ ಒಂದು ಲಕ್ಷ ಡಾಲರ್ ದಾಟಿದ ವಿಹಾರ ದೋಣಿಗಳಿಗೆ, ದಾಟಿದ ಮೊತ್ತದ ಮೇಲೆ ಶೇ. 10 ತೆರಿಗೆ ಹಾಕಿದರು. ಶ್ರೀಮಂತರು ಕೊಡಲಿ ಅನ್ನುವುದು ಉದ್ದೇಶ. ಶ್ರೀಮಂತರು ಹೊಸ ದೋಣಿ ಕೊಳ್ಳುವುದನ್ನೇ ಬಿಟ್ಟು ದುಡ್ಡನ್ನು ಬೇರೆ ಕಡೆ ಖರ್ಚು ಮಾಡಿದರು, ದೋಣಿ ಕಟ್ಟುವ ಬಡಗಿ, ವೆಲ್ಡರ್‌ಗಳು ಕೆಲಸ ಕಳೆದುಕೊಂಡರು. ಆಗ ಅಲ್ಲಿ ಆರ್ಥಿಕ ಹಿಂಜರಿತವೂ ಇತ್ತು, ಎಲ್ಲ ತಪ್ಪನ್ನೂ ತೆರಿಗೆಯ ಮೇಲೇ ಹಾಕಲು ಬರುವುದಿಲ್ಲ. ಆದರೂ 1993ರಲ್ಲಿ ಅದನ್ನು ತೆಗೆದುಹಾಕಿದರು.

ಇನ್ನು ಇಳಿಸುವ ವಿಷಯ. ಫಿನ್‌ಲೆಂಡ್‌ನಲ್ಲಿ 2007ರಲ್ಲಿ ಕ್ಷೌರದ ಮೇಲಿನ ವ್ಯಾಟ್ (ಗಿರಾಕಿಯ ಬಿಲ್ ಮೇಲೆ ಹಾಕುವ ತೆರಿಗೆ) ಶೇ. 22ರಿಂದ ಶೇ. 8ಕ್ಕೆ ಇಳಿಯಿತು. ನಡುವೆ ಶೇ. 9 ಆಗಿದ್ದದ್ದು 2012ರಲ್ಲಿ ಶೇ. 23ಕ್ಕೆ ಮತ್ತೆ ಏರಿತು. ಎರಡೂ ಸಲ ದರದ ವ್ಯತ್ಯಾಸ 14 ಶೇಕಡಾ ಅಂಶ. ಆದರೆ ಏರಿಸಿದಾಗ ಬೆಲೆ ಎಷ್ಟು ಮೇಲೆ ಹೋಯಿತೋ, ಇಳಿಸಿದಾಗ ಸುಮಾರು ಅದರ ಅರ್ಧದಷ್ಟೇ ಕೆಳಗೆ ಬಂತು ಅಂತ ಅಧ್ಯಯನ ಮಾಡಿದವರು ಕಂಡುಕೊಂಡರು. ಫ್ರಾನ್ಸಿನ ಹೋಟೆಲುಗಳಿಗೆ 2009ರಲ್ಲಿ ಶೇ. 19.6ರಿಂದ 5.5ಕ್ಕೆ ಇಳಿಸಿದಾಗಲೂ ಊಟದ ಬೆಲೆ ಇಳಿದದ್ದು ಕೊಂಚವೇ, ಲಾಭ ಜಾಸ್ತಿ ಹೋದದ್ದು ಮಾಲೀಕರಿಗೆ. ಅದಕ್ಕೇ ಬೆಲೆ ಇಳಿಸಲೆಂದು ತೆರಿಗೆ ಇಳಿಸುತ್ತೇವೆ ಅಂತ ಯಾವ ಸರ್ಕಾರ ಹೇಳಿದರೂ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ.

ಸಂಜೆಪಾಳಿ:
ನಾನು ಸಂಬಳಕ್ಕೆ ದುಡಿಯುವವಳು. ಅಚ್ಚುಮೊಳೆ ಅವರು ಹುಡುಗರ ಸಂಬಳದ ಮಾತು ಬರೆದದ್ದು ಓದಿ ಸಮಾಧಾನ ಆಯಿತು, ಎಷ್ಟೋ ಮಾಲೀಕರು ಅದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ನಮ್ಮ ಸಂಬಳದ ಚೀಟಿಯಲ್ಲಿ ಸಾಮಾಜಿಕ ಭದ್ರತೆಗೆ ಕಂಪನಿ ಪಾಲು ಬೇರೆ, ನಮ್ಮ ಪಾಲು ಬೇರೆ ಅಂತ ತೋರಿಸುತ್ತಾರಲ್ವಾ? ಅಮೆರಿಕದಲ್ಲಿ ಇಬ್ಬರಿಗೂ ಶೇ. 7.65. ಕಂಪನಿ ಕೊಡುವ ಪಾಲು ನಿಜವಾಗಿ ಕಂಪನಿಯದ್ದೇನಾ, ಇಲ್ಲಾ ನನಗೆ ಸಿಗಬೇಕಿದ್ದ ಸಂಬಳದಿಂದಲೇ ಬಂದದ್ದಾ?

ಕಪ್ಪುಹಲಗೆ:
ಒಳ್ಳೆಯ ಪ್ರಶ್ನೆ ಮೇಡಂ. ಎರಡೂ ತರಹದ ಸಾಕ್ಷಿ ಇದೆ. ಚಿಲಿಯಲ್ಲಿ 1981ರಲ್ಲಿ ಮಾಲೀಕರು ಕಟ್ಟುತ್ತಿದ್ದ ಪಾಲನ್ನು ಬಹಳ ಇಳಿಸಿದಾಗ ಹೆಚ್ಚುಕಡಿಮೆ ಅಷ್ಟೂ ಸಂಬಳಕ್ಕೆ ಸೇರಿತು, ಅಂದರೆ ಮೊದಲು ಹೊತ್ತಿದ್ದವರು ಕೆಲಸಗಾರರೇ. ಸ್ವೀಡನ್‌ನಲ್ಲಿ 2007ರಿಂದ ಎಳೆಯ ವಯಸ್ಸಿನ ಕೆಲಸಗಾರರ ಮೇಲೆ ಇದೇ ತರಹದ ತೆರಿಗೆಯನ್ನು ಸುಮಾರು ಅರ್ಧ ಇಳಿಸಿದಾಗ ಅವರ ಸಂಬಳ ಏರಲಿಲ್ಲ, ಆದರೆ ಕೆಲಸ ಸಿಕ್ಕವರ ಸಂಖ್ಯೆ ಹೆಚ್ಚಿತು. ಒಂದೇ ಆಫೀಸಿನಲ್ಲಿ ಎಳೆಯರಿಗೊಂದು, ದೊಡ್ಡವರಿಗೊಂದು ಸಂಬಳ ಕೊಡುವುದು ಕಷ್ಟ, ಅದೂ ಒಂದು ಕಾರಣ.

ಲೆಕ್ಕದಪುಸ್ತಕ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅಚ್ಚುಮೊಳೆ ಅವರೇ, ನೀವು ಒಂದು ಮುಖ್ಯವಾದ ಮಾತು ಬರೆದಿಲ್ಲ. ಕಾಗದ, ಇಂಕಿನ ಮೇಲೆ ಕೊಟ್ಟ ತೆರಿಗೆ ನಿಮಗೆ ವಾಪಸ್ ಸಿಗುತ್ತಿದೆಯಾ? ಹಳೆಯ ಮಾರಾಟ ತೆರಿಗೆಯಲ್ಲಿ ಪ್ರತಿ ಕೈ ದಾಟಿದಾಗಲೂ ಇಡೀ ಬೆಲೆಯ ಮೇಲೆ ತೆರಿಗೆ ಬೀಳುತ್ತಿತ್ತು. ಶೇ. 10 ಅಂದುಕೊಳ್ಳಿ, ಮೂರು ಕೈ ದಾಟುವಷ್ಟರಲ್ಲಿ 100 ಇದ್ದದ್ದು 133 ದಾಟುತ್ತದೆ, ನಡುವೆ ಯಾರೂ ಒಂದು ಪೈಸೆ ಲಾಭ ಇಟ್ಟುಕೊಳ್ಳದಿದ್ದರೂ! ಈ ತೆರಿಗೆ ಮೇಲೆ ತೆರಿಗೆ ಬೀಳುವುದನ್ನು ತಪ್ಪಿಸಲು ಫ್ರಾನ್ಸ್‌ನಲ್ಲಿ 1954ರಲ್ಲಿ ವ್ಯಾಟ್ ಶುರುವಾಯಿತು. ಅದರ ಹಿಂದಿದ್ದವರು ಅಲ್ಲಿನ ತೆರಿಗೆ ಅಧಿಕಾರಿ ಮೋರಿಸ್ ಲೋರೆ. ಕೊಳ್ಳುವಾಗ ಕೊಟ್ಟದ್ದನ್ನು ಮಾರುವಾಗ ಬಂದದ್ದರಲ್ಲಿ ಕಳೆದು, ಉಳಿದದ್ದನ್ನು ಮಾತ್ರ ಕಟ್ಟುವುದು.

ನೀವು ನೋಂದಣಿ ಮಾಡಿಸಿಲ್ಲದಿದ್ದರೆ ಆ ಕಳೆಯುವ ಅವಕಾಶ ಇಲ್ಲ. ಆಗ ಕಾಗದದ ಮೇಲಿನ ತೆರಿಗೆ ನಿಮ್ಮ ಖರ್ಚಿನೊಳಗೆ ಕಾಣದಂತೆ ಸೇರಿಹೋಗುತ್ತದೆ. ಎಷ್ಟೋ ಚಿಕ್ಕ ವ್ಯಾಪಾರಗಳು ವಹಿವಾಟಿನ ಮಿತಿ ದಾಟಿದರೆ ನೋಂದಣಿ ಮಾಡಿಸಲೇಬೇಕು, ಲೆಕ್ಕಪತ್ರದ ತಲೆನೋವು ಅಂತ ಬೇಕಂತಲೇ ಮಿತಿಯ ಕೆಳಗೇ ನಿಲ್ಲುತ್ತವೆ. ಬ್ರಿಟನ್‌ನಲ್ಲಿ ಆ ಮಿತಿ 2024ರ ಏಪ್ರಿಲ್‌ನಿಂದ 90,000 ಪೌಂಡ್. ಅಲ್ಲಿ ಮಿತಿಗೆ ಸ್ವಲ್ಪ ಕೆಳಗೆ ವ್ಯಾಪಾರಗಳು ಗುಂಪುಗೂಡಿ ನಿಂತಿರುವುದು ಅಂಕಿಅಂಶದಲ್ಲೇ ಕಾಣುತ್ತದೆ. ಬೆಳೆಯಬಹುದಾದ ವ್ಯಾಪಾರ ಒಂದು ಗೆರೆಗೆ ಹೆದರಿ ನಿಂತುಬಿಡುವುದು ನನಗಂತೂ ಏರಿದ ದರಕ್ಕಿಂತ ದೊಡ್ಡ ನಷ್ಟ ಅನಿಸುತ್ತದೆ.

ಬಿಸಿಲುಕೋಲು:
ಎಲ್ಲರೂ ತೆರಿಗೆಯ ಭಾರದ ಬಗ್ಗೆಯೇ ಬರೆಯುತ್ತಿದ್ದೀರಿ. ಕೆಲವು ತೆರಿಗೆಗಳನ್ನು ಹಾಕುವುದೇ ಜನ ತಪ್ಪಿಸಿಕೊಳ್ಳಲಿ ಅಂತ. ಐರ್ಲೆಂಡ್ 2002ರಲ್ಲಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ಹಾಕಿತು, ಚೀಲದ ಬಳಕೆ ಶೇ. 90ಕ್ಕಿಂತ ಜಾಸ್ತಿ ಇಳಿಯಿತು. ಅಲ್ಲಿ ಜನ ತಪ್ಪಿಸಿಕೊಂಡದ್ದೇ ಗೆಲುವು. ಇಂಗ್ಲೆಂಡಿನ ಕಿಟಕಿ ತೆರಿಗೆಯಲ್ಲೂ (1696ರಿಂದ 1851ರವರೆಗೆ ಇತ್ತು) ಜನ ತಪ್ಪಿಸಿಕೊಂಡರು, ಇಟ್ಟಿಗೆ ಇಟ್ಟು ಕಿಟಕಿ ಮುಚ್ಚಿದರು, ಕತ್ತಲೆಯಲ್ಲಿ ಗಾಳಿ ಇಲ್ಲದೆ ಬದುಕಿದರು. ಜನ ಏನನ್ನು ಬಿಡಲಿ ಅಂತ ಯೋಚಿಸಿ ತೆರಿಗೆ ಹಾಕಬೇಕು. ಮತ್ತೆ ರಸ್ತೆ, ಕೋರ್ಟು, ಶಾಲೆ ಇಲ್ಲದೆ ಯಾವ ಪ್ರೆಸ್ಸೂ ನಡೆಯುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಚ್ಚುಮೊಳೆ:
ಎಲ್ಲರಿಗೂ ಧನ್ಯವಾದ. ರಸ್ತೆ, ಶಾಲೆಯ ಮಾತು ಒಪ್ಪುತ್ತೇನೆ, ತೆರಿಗೆಯೇ ಬೇಡ ಅಂತ ನಾನು ಹೇಳಲಿಲ್ಲ. ಲೆಕ್ಕದಪುಸ್ತಕ ಅವರೇ, ನೋಂದಣಿ ಇದೆ, ಆದರೆ ಕಾಗದ ಕೊಡುವವರೊಬ್ಬರು ಸರಿಯಾದ ಬಿಲ್ ಕೊಡುವುದಿಲ್ಲ, ಅವರ ಬೆಲೆ ಕಡಿಮೆ ಅಂತ ಸುಮ್ನೆ ಇದ್ದೆ. ರಾತ್ರಿ ಕೂತು ಲೆಕ್ಕ ಹಾಕಿದೆ. ತೆರಿಗೆ ಕಳೆಯಲು ಬಿಲ್ ಬೇಕಲ್ಲ, ಬಿಲ್ ಇಲ್ಲದೆ ಕೊಂಡ ಕಾಗದ ನನಗೆ ಅಗ್ಗ ಬಿದ್ದೇ ಇಲ್ಲ. ನಾನು ಹೊತ್ತೆ ಅಂದುಕೊಂಡ ಅರ್ಧದಲ್ಲಿ ಒಳ್ಳೆಯ ಪಾಲು ಅಲ್ಲೇ ಸೋರಿದೆ.

ಲೆಕ್ಕದಪುಸ್ತಕ:
ಹಾಗಿದ್ದರೆ ನಾಳೆಯೇ ಅವರಿಂದ ಬಿಲ್ ಕೇಳಿ, ಕೊಡದಿದ್ದರೆ ಬೇರೆಯವರನ್ನು ಹುಡುಕಿ. ಲೇಬಲ್ ಮತ್ತು ಕರಪತ್ರಕ್ಕೆ ರೇಟು ಬೇರೆ ಬೇರೆ ಕಟ್ಟಿ, ಒಂದರ ನಷ್ಟ ಇನ್ನೊಂದರಲ್ಲಿ ಮುಚ್ಚಿಹೋಗಬಾರದು. ಮತ್ತೆ ಕೊಟೇಶನ್ ಕೊಡುವಾಗ ತೆರಿಗೆಯನ್ನು ರೇಟಿನೊಳಗೆ ಸೇರಿಸಬೇಡಿ, "ತೆರಿಗೆ ಪ್ರತ್ಯೇಕ, ಬಿಲ್ ಮಾಡುವ ದಿನದ ದರದಂತೆ" ಅಂತ ಬರೆಯಿರಿ. ಏರಿದರೂ ಇಳಿದರೂ ಗಿರಾಕಿಗೆ ಕಣ್ಣಿಗೇ ಕಾಣುತ್ತದೆ, ರೇಟು ಇಳಿಸಬೇಕಾ ಅನ್ನುವ ನಿಮ್ಮ ಎರಡನೇ ಪ್ರಶ್ನೆಯೂ ಏಳುವುದಿಲ್ಲ.

ಸಂಜೆಪಾಳಿ:
ಬಿಲ್ ಸಿಕ್ಕಿ ಆ ದುಡ್ಡು ಉಳಿದರೆ ಮೊದಲು ಹುಡುಗರ ಸಂಬಳ ನೋಡಿ ಸರ್.